ಅಣ್ಣನ ಮೇಲೆ ಹೊರಿಸಿದ ಚಟ

ಮುಂಡರಗಿಯ ಮಠದ ಪಡಸಾಲೆಗೆ ಕಾಲಿಟ್ಟವನು ಬಾಗಿಲಲ್ಲೇ ನಿಂತುಬಿಟ್ಟೆ. ಕುಡಿತ ಬಿಡಬೇಕೆನ್ನುವವರು ಪ್ರತಿ ಸೋಮವಾರ ಕೂಡುವ ಆ ಸಭೆಯಲ್ಲಿ, ಜನ್ಮದಲ್ಲಿ ಸೆರೆ ಮುಟ್ಟದ ನನ್ನ ಅಣ್ಣ ಕೂತಿದ್ದ.

ಏಕೀಕರಣಕ್ಕೆ ಮುಂಚಿನ ಪಾನನಿಷೇಧದ ದಿನಗಳವು. ಕದ್ದು ಕುಡಿಯುತ್ತಿದ್ದ ನಾನು, ಗುರುತಿನವರು ಕಾಣಬಾರದೆಂದು ನಮ್ಮೂರು ಬೆಟಗೇರಿಯಿಂದ ಅಷ್ಟು ದೂರದ ಸಭೆ ಹುಡುಕಿಕೊಂಡು ಹೋಗಿದ್ದೆ. ಮೊದಲ ವಾರ ಅಲ್ಲಿನ ಹಿರಿಯರು ವಿಚಾರಿಸಿದಾಗ ನಿಜ ಹೇಳಲು ನಾಲಿಗೆ ಹೊರಳಲಿಲ್ಲ. ಕುಡಿಯುವವನು ನಮ್ಮಣ್ಣ, ಅವನ ಸಲುವಾಗಿ ಕೇಳಲು ಬಂದೆ ಎಂದು ಸುಳ್ಳು ಹೇಳಿ, ಗದಗಿನಲ್ಲಿದ್ದ ಅವನ ಹೆಸರು, ಓಣಿ ಎಲ್ಲ ಒದರಿದ್ದೆ. ಅವರು ಪಾಪ, ಮನೆ ಹುಡುಕಿಕೊಂಡು ಹೋಗಿ ಅವನನ್ನು ಕರೆತಂದಿದ್ದರು.

ಅಣ್ಣ ಸರಿದು ಜಾಗ ಮಾಡಿ, ನನಗಷ್ಟೇ ಕೇಳುವಂತೆ ಹೇಳಿದ: "ಕುಡಿಯಾಂವ ನಾನ ಅಂತ ಒಪ್ಕೊಂಡೀನಿ. ನೀ ಬಾಜೂಕ ಕುಂತು ಅವರು ಹೇಳೂದು ಕೇಳ್ಕೋ."

ವರ್ಷವಿಡೀ ಅವನು ಬಂದ. ನಾನು ಕುಡಿತ ಬಿಟ್ಟೆ, ಆದರೆ ಎದ್ದು ನಿಂತು ನಿಜ ಹೇಳಲಿಲ್ಲ.

ಅಣ್ಣ ತೀರಿಕೊಂಡಾಗ ಆ ಹಿರಿಯರು ಬಂದು, "ಚಟಾ ಗೆದ್ದ ಮನಷ್ಯಾರೀ ನಿಮ್ಮಣ್ಣ" ಎಂದು ಕಣ್ಣೊರೆಸಿಕೊಂಡರು. ನಾನು ಹೌದೆಂದು ತಲೆಯಾಡಿಸಿದೆ. ಇಂದು ಇಲ್ಲಿ ಬರೆಯುತ್ತಿದ್ದೇನೆ: ಕುಡಿಯುತ್ತಿದ್ದವನು ನಾನು.