ಅಕ್ಕ ಬದಲಿಸಿದ ಕಾಕ್‌ಪಿಟ್

ನನ್ನ ಭಾವನನ್ನು ನಾನು ಕೀಬೋರ್ಡಿನಿಂದ ಹೊಡೆದಿದ್ದೇನೆ. ಅದು ಎರಡು ಹೋಳಾದ ಮೇಲೂ ಕೈಯಲ್ಲಿ ಉಳಿದ ಹೋಳಿನಿಂದಲೇ ಹೊಡೆದಿದ್ದೇನೆ. ಅಕ್ಕನ ಪರವಾಗಿ ತಮ್ಮ ಎದ್ದು ನಿಂತ ಎಂಬಂತೆ ಮನೆಯವರು ಇದನ್ನು ಹೇಳುವುದುಂಟು. ನಡೆದದ್ದು ಅಷ್ಟು ಚಂದವಾಗಿರಲಿಲ್ಲ.

ಸಂಡೂರಿನ ರಸ್ತೆಯಲ್ಲಿ ಅದಿರಿನ ಲಾರಿಗಳು ಬಿಡುವಿಲ್ಲದೆ ಓಡುತ್ತಿದ್ದ ವರ್ಷಗಳು ಅವು. ಭಾವ ಯಶವಂತನಗರದ ಹತ್ತಿರ ಒಂದು ಗಣಿಯಲ್ಲಿ ಲೋಡಿಂಗ್ ಸೂಪರ್‌ವೈಸರ್ ಆಗಿದ್ದ. ಸಾಲು ಮುರಿದು ನುಗ್ಗಿದ ಡ್ರೈವರನನ್ನು ಕಾಲರ್ ಹಿಡಿದು ಕ್ಯಾಬಿನ್ನಿನಿಂದ ಕೆಳಗೆಳೆದು ಬಾರಿಸುವುದು ಅವನ ಕೆಲಸದ ಭಾಗವೇ ಆಗಿತ್ತು. ಊಟಕ್ಕೆ ಕೂತಾಗ ಅದನ್ನು ನಗುತ್ತ ಹೇಳುತ್ತಿದ್ದ. ಅದೇ ಕೈ ಮನೆಯಲ್ಲೂ ಏಳುತ್ತಿತ್ತು. ಸಾರಿಗೆ ಉಪ್ಪು ಹೆಚ್ಚಾದರೆ ಏಳುತ್ತಿತ್ತು, ಅಕ್ಕ ಫೋನ್ ಎತ್ತುವುದು ತಡವಾದರೂ ಏಳುತ್ತಿತ್ತು.

ಹೊಸಪೇಟೆಯಲ್ಲಿ ಅವರ ಮನೆಯಿಂದ ಎರಡು ಓಣಿ ಆಚೆ ನನ್ನದೊಂದು ಲಗ್ನಪತ್ರಿಕೆ ಡಿಸೈನ್ ಮಾಡುವ ಸಣ್ಣ ಅಂಗಡಿಯಿತ್ತು. ಮಧ್ಯಾಹ್ನದ ಊಟ ಅಕ್ಕನ ಮನೆಯಲ್ಲೇ. ಅವಳ ಊದಿದ ತುಟಿ, ಕುತ್ತಿಗೆಯ ಮೇಲಿನ ಬೆರಳಿನ ಗುರುತು ನನಗೆ ಕಾಣುತ್ತಿರಲಿಲ್ಲ ಎಂದರೆ ಸುಳ್ಳಾದೀತು. ಕಾಣುತ್ತಿದ್ದವು. ನಾನು ತಟ್ಟೆ ನೋಡಿಕೊಂಡು ಉಣ್ಣುತ್ತಿದ್ದೆ.

ಗಣಿಯ ದುಡ್ಡು ಕೈತುಂಬ ಬರತೊಡಗಿದಾಗ ಭಾವ ಭಾರೀ ಕಂಪ್ಯೂಟರೊಂದನ್ನು ತಂದ. ಅದರಲ್ಲಿ ವಿಮಾನ ಹಾರಿಸುವ ಸಿಮ್ಯುಲೇಟರ್, ಜೊತೆಗೆ ಕಬ್ಬಿಣದ ತಳವಿದ್ದ ಭಾರದ ಜಾಯ್‌ಸ್ಟಿಕ್. ಭಾನುವಾರ ಬೆಳಿಗ್ಗೆ ಅವನು ಹಾರಿಸಲು ಕೂತರೆ ಪಕ್ಕದಲ್ಲಿ ನಾನಿರಬೇಕು. ಇಂಟರ್‌ನೆಟ್ಟಿನಿಂದ ಹೊಸ ವಿಮಾನ ಇಳಿಸಿಕೊಡುವುದು, ಕೆಟ್ಟದ್ದನ್ನು ಸರಿಮಾಡುವುದು ನನ್ನ ಪಾಲು. ಅಂಥ ಮಷೀನು ನನ್ನ ಅಂಗಡಿಯಲ್ಲಿರಲಿಲ್ಲ. ಆ ಆಸೆಗೇ ನಾನು ಹೋಗುತ್ತಿದ್ದೆ.

ಒಮ್ಮೆ ಅವನಿಗೊಂದು ದೊಡ್ಡ ಸರಕು ವಿಮಾನ ಇಳಿಸಿಕೊಟ್ಟೆ. ಹೊರಗಿನಿಂದ ನೋಡಲು ಮಸ್ತಾಗಿತ್ತು. ಪೈಲಟ್ ಸೀಟಿನಲ್ಲಿ ಕೂತರೆ ಮೀಟರಿಲ್ಲ, ಕಿಟಕಿಯಿಲ್ಲ, ಬರೀ ಆಕಾಶ. ಮಾಡಿದವರು ಕಾಕ್‌ಪಿಟ್ಟನ್ನೇ ಕೂರಿಸಿರಲಿಲ್ಲ. ಬೇರೆ ವಿಮಾನದ್ದು ತಂದು ಹಾಕು ಎಂದು ಭಾವ ಅಪ್ಪಣೆ ಮಾಡಿದ. ಅದೇನು ಕಷ್ಟದ್ದಲ್ಲ. ಪ್ರತಿ ವಿಮಾನದ ಫೋಲ್ಡರಿನಲ್ಲೂ ಒಂದು ಪುಟ್ಟ ಫೈಲಿರುತ್ತದೆ. ಹೊರಮೈ ಯಾವುದು, ಒಳಗು ಯಾವುದು ಎಂದು ಎರಡು ಸಾಲು. ಒಳಗಿನ ಸಾಲಿನಲ್ಲಿ ಜೆಟ್ ವಿಮಾನವೊಂದರ ಹೆಸರು ಬರೆದೆ, ಅದರ ಮೀಟರುಗಳನ್ನೂ ನಕಲು ಮಾಡಿದೆ. ಕಾಕ್‌ಪಿಟ್ ಬಂತು. ಆದರೆ ನೋಟ ಎಲ್ಲೋ ತಪ್ಪಿತ್ತು, ಏನೆಂದು ತಿಳಿಯಲಿಲ್ಲ.

ಚಹಾ ತಂದ ಅಕ್ಕ ಹಿಂದೆ ನಿಂತು ನೋಡುತ್ತಿದ್ದಳು. "ಕುಂತಂಗಿಲ್ಲ, ಕುರ್ಚಿ ಮ್ಯಾಲ ಎದ್ದು ನಿಂತಂಗೈತಿ" ಎಂದಳು.

ನಿಜವಾಗಿತ್ತು. ಪೈಲಟ್ಟಿನ ಕಣ್ಣು ಎಷ್ಟು ಎತ್ತರದಲ್ಲಿದೆ ಎಂದು ಹೇಳುವ ಅಂಕಿ ಇನ್ನೊಂದು ಫೈಲಿನಲ್ಲಿತ್ತು. ಅದನ್ನು ಇಳಿಸಿದೆ, ನೋಟ ಸರಿಹೋಯಿತು. ಭಾವ ಅವಳನ್ನು ಒಳಗೆ ಹೋಗೆಂದ.

ಮಾರನೆಯ ದಿನ ಊಟಕ್ಕೆ ಹೋದಾಗ ತನಗೂ ಕಲಿಸು ಎಂದು ಕೇಳಿದಳು. ಮಷೀನು ಮುಟ್ಟಬಾರದೆಂದು ಭಾವನ ಕಟ್ಟಪ್ಪಣೆಯಿತ್ತು. ಆದರೂ ಕಲಿಸಿದೆ. ಎರಡೇ ತಿಂಗಳಲ್ಲಿ ಅವಳು ವಿಮಾನವನ್ನು ನನಗಿಂತ ಚೆನ್ನಾಗಿ ನೆಲಕ್ಕಿಳಿಸುತ್ತಿದ್ದಳು. ತುಂಗಭದ್ರಾ ಡ್ಯಾಮಿನ ನೀರು ಅದರಲ್ಲಿ ನೀಲಿ ತೇಪೆಯಂತೆ ಕಾಣುತ್ತಿತ್ತು. ಹೊಳೆಯ ಗುಂಟ ಹಂಪಿ ದಾಟಿ ನಮ್ಮೂರು ಕಂಪ್ಲಿಯನ್ನು ಹುಡುಕುವಳು. ಪರದೆಯ ಮೇಲೆ ಆ ಊರೇ ಇರಲಿಲ್ಲ, ಬರೀ ಹಸಿರು. ಜೆಟ್ಟಿನ ಕಾಕ್‌ಪಿಟ್ಟಿನಿಂದ ನೆಲ ಸರಿಯಾಗಿ ಕಾಣುವುದಿಲ್ಲವೆಂದು ಆ ಸರಕು ವಿಮಾನಕ್ಕೆ ಸಣ್ಣ ವಿಮಾನದ ಕಾಕ್‌ಪಿಟ್ಟನ್ನು ತಾನೇ ಬದಲಿಸಿಕೊಂಡಳು. ಭಾವ ಬರುವ ಮುಂಚೆ ಮತ್ತೆ ಮೊದಲಿನಂತೆ ಮಾಡಿಡುತ್ತಿದ್ದಳು.

ಒಂದು ಶನಿವಾರ ಮರೆತಳು.

ಭಾನುವಾರ ಬೆಳಿಗ್ಗೆ ಭಾವ ಸರಕು ವಿಮಾನ ತೆರೆದ. ನಾನು ಪಕ್ಕದ ಸ್ಟೂಲಿನ ಮೇಲಿದ್ದೆ. ಪರದೆಯ ಮೇಲೆ ನಾಲ್ಕೇ ಮೀಟರುಗಳ ಪುಟ್ಟ ಕಾಕ್‌ಪಿಟ್ ಬಂತು. ಭಾವ ನನ್ನ ಕಡೆ ತಿರುಗಿ, ಇದನ್ನು ಯಾರು ಮುಟ್ಟಿದ್ದು ಎಂದು ಕೇಳಿದ. ನಾನೇ ಅಂದುಬಿಟ್ಟಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ಇನ್ನು ಮುಂದೆ ಈ ಮನೆಗೆ ಬರಬೇಡ ಎಂದಾನು ಎಂಬ ಹೆದರಿಕೆಗೆ ನನ್ನ ಬಾಯಿ ಏಳಲಿಲ್ಲ.

ಅಕ್ಕ ಅಡಿಗೆಮನೆಯಿಂದ ಕೈ ಒರೆಸಿಕೊಳ್ಳುತ್ತ ಬಂದಳು. "ನಾನಾ ಬದ್ಲಿ ಮಾಡೀನ್ರಿ. ಈಗ ಸರಿಮಾಡಿ ಕೊಡ್ತೀನಿ" ಎಂದು ಮೌಸಿಗೆ ಕೈಹಾಕಿದಳು.

ಅವನು ಆ ಕೈಯನ್ನು ಮೇಜಿಗೆ ಒತ್ತಿ ಹಿಡಿದ. ಇನ್ನೊಂದು ಕೈಯಲ್ಲಿ ಜಾಯ್‌ಸ್ಟಿಕ್ ಎತ್ತಿ ಅದರ ತಳದಿಂದ ಅವಳ ಬೆರಳುಗಳ ಮೇಲೆ ಕುಟ್ಟಿದ. ಒಂದು ಸಲವಲ್ಲ, ಮೂರು ಸಲ. ಎರಡನೆಯ ಏಟಿಗೆ ಒಣಕಟ್ಟಿಗೆ ಮುರಿದಂಥ ಸದ್ದಾಯಿತು. ಅಕ್ಕ ಕೂಗಲಿಲ್ಲ, ಬಾಯಿ ತೆರೆದು ಉಸಿರೆಳೆದುಕೊಂಡಳು.

ಆಮೇಲಿನದು ನನ್ನ ಕೈಯದು. ಕೀಬೋರ್ಡ್ ಎತ್ತಿ ಬೀಸಿದ ಮೊದಲ ಏಟಿಗೇ ಅವನ ಮೂಗಿನಿಂದ ರಕ್ತ ಚಿಮ್ಮಿತು. ಕುರ್ಚಿ ಸಮೇತ ಬಿದ್ದ. ಬಿದ್ದವನ ಮೇಲೆ ಕೂತು ಹೊಡೆದೆ. ಕೀಗಳು ಹಲ್ಲು ಉದುರಿದಂತೆ ನೆಲದ ತುಂಬ ಚೆಲ್ಲಿದವು. ಅವನು ಕೈ ಅಡ್ಡ ಹಿಡಿದು ಸಾಕೆಂದ ಮೇಲೂ ನಿಲ್ಲಿಸಲಿಲ್ಲ. ಹೊಡೆಯುವುದು ನನಗೆ ಹಿತವಾಗಿತ್ತು. ಅಕ್ಕನೇ ಮುರಿದ ಕೈಯನ್ನು ಎದೆಗವುಚಿಕೊಂಡು, ಇನ್ನೊಂದು ಕೈಯಿಂದ ನನ್ನ ಕೂದಲು ಹಿಡಿದು ಎಳೆದು ಬಿಡಿಸಿದಳು.

ಆಸ್ಪತ್ರೆಯಲ್ಲಿ ಎರಡು ಬೆರಳಿಗೆ ಪಟ್ಟಿ ಕಟ್ಟಿದರು. ಅಲ್ಲಿಂದ ಅವಳನ್ನು ನೇರ ಕಂಪ್ಲಿಗೆ ಕರೆದುಕೊಂಡು ಹೋದೆ. ವಾರದ ಮೇಲೆ ಎರಡೂ ಕಡೆಯ ಹಿರಿಯರು ನಮ್ಮ ಪಡಸಾಲೆಯಲ್ಲಿ ಸೇರಿದರು. ಗಂಡಸಿನ ಸಿಟ್ಟು, ಒಂದು ಸಲ ಆಗಿಹೋಗಿದೆ, ಕಳಿಸಿಕೊಡಿ ಎಂಬ ಮಾತು ಬಂತು. ಆಗ ನಾನೆದ್ದು ಒಂದು ಸಲವಲ್ಲ ಎಂದೆ. ತುಟಿ, ಕುತ್ತಿಗೆ, ಎರಡು ವರ್ಷದಿಂದ ಕಂಡದ್ದನ್ನೆಲ್ಲ ಹೇಳಿದೆ. ಅಪ್ಪ ತಲೆ ತಗ್ಗಿಸಿದರು. ಕಳಿಸುವ ಮಾತು ಅಲ್ಲಿಗೆ ನಿಂತಿತು.

ಅಕ್ಕ ಬಾಗಿಲ ಬಳಿ ನಿಂತಿದ್ದಳು. ಎಲ್ಲರ ಎದುರಿಗೆ ನನ್ನನ್ನೇ ಕೇಳಿದಳು. "ಇಷ್ಟೆಲ್ಲಾ ನಿನಗ ಗೊತ್ತಿತ್ತಂದ್ರ, ದಿನಾ ಬಂದು ಹೆಂಗ ಉಂಡಿ?"

ಅದಾದ ಮೇಲೆ ಎಷ್ಟೋ ತಿಂಗಳು ಅವಳು ನನ್ನೊಡನೆ ಮಾತಾಡಲಿಲ್ಲ. ಪಟ್ಟಿ ಬಿಚ್ಚಿದ ಮೇಲೆ ಊರಿನ ಅಕ್ಕಿ ಗಿರಣಿಯಲ್ಲಿ ತೂಕದ ಕಂಪ್ಯೂಟರ್ ನೋಡಿಕೊಳ್ಳುವ ಕೆಲಸಕ್ಕೆ ಸೇರಿದಳು. ಉಂಗುರದ ಬೆರಳು ಪೂರ್ತಿ ಮಡಚುತ್ತಿರಲಿಲ್ಲ.

ಒಂದು ಭಾನುವಾರ ಮಧ್ಯಾಹ್ನ ಭಾವ ಜೀಪಿನಲ್ಲಿ ಕಂಪ್ಲಿಗೆ ಬಂದು ನಮ್ಮ ಮನೆಯ ಮುಂದೆ ನಿಂತ. ನಾನು ಕಟ್ಟೆಯಿಂದ ಇಳಿದು ಅವನ ಎದುರಿಗೆ ಹೋದೆ. ಇಬ್ಬರೂ ಮುಷ್ಟಿ ಬಿಗಿದಿದ್ದೆವು. ಅಕ್ಕ ಹೊರಗೆ ಬಂದು ಒಮ್ಮೆ ಅವನನ್ನೂ ಒಮ್ಮೆ ನನ್ನನ್ನೂ ನೋಡಿದಳು. ಇನ್ನು ಈ ಕಡೆ ಬರಬ್ಯಾಡ್ರಿ ಎಂದು ಅವನಿಗೆ ಹೇಳಿ, ನನ್ನ ಕಡೆ ತಿರುಗಿದಳು.

"ನೀನೂ ಕೈ ಇಳಿಸು. ಒಳಗ ನಡಿ."

ನಾನು ಒಳಗೆ ಹೋದೆ. ಹೊರಗೆ ಅವಳು ಅವನಿಗೆ ಇನ್ನೇನು ಹೇಳಿದಳೋ ಗೊತ್ತಿಲ್ಲ. ಸ್ವಲ್ಪ ಹೊತ್ತಿಗೆ ಜೀಪು ಹೊರಟ ಸದ್ದು ಕೇಳಿಸಿತು.