ಯಲ್ಲಮ್ಮನ ಕಾಲು, ಪಿಕಪ್ಪಿನ ಬ್ರೇಕು

ನಾಗಪುರದ ಮನೀಶ್ ನಗರದ ಆ ಓಣಿಗೆ ಹೋಗಿ ಉಮಾಪತಿಯ ಮನೆ ಯಾವುದು ಎಂದು ಕೇಳಿ ನೋಡಿ, ಜನ ತಲೆ ಕೆರೆದುಕೊಳ್ಳುತ್ತಾರೆ. ಯಲ್ಲಮ್ಮನ ಮನೆ ಎನ್ನಿ, "ಅಚ್ಛಾ, ಗಾಡಿವಾಲಿ ಬಾಯಿ?" ಎಂದು ಬಾಗಿಲ ತನಕ ಬಂದು ಬಿಟ್ಟು ಹೋಗುತ್ತಾರೆ. ಉಮಾಪತಿ ಯಲ್ಲಮ್ಮನ ಗಂಡ. ರೈಲ್ವೆಯಲ್ಲಿ ಫಿಟ್ಟರ್, ಅಜನಿಯ ಶೆಡ್ಡಿನಲ್ಲಿ ಇಂಜಿನ್ನುಗಳ ಹೊಟ್ಟೆಯೊಳಗೆ ಕೈಯಾಡಿಸುತ್ತಲೇ ತಲೆ ನರೆತವನು. ಇಷ್ಟಾದರೂ ಓಣಿಯಲ್ಲಿ ತನ್ನ ಗುರುತು ಹೆಂಡತಿಯ ಗಾಡಿಯಿಂದಲೇ ಎಂಬುದು ಅವನಿಗೆ ಒಳಗೊಳಗೇ ಸ್ವಲ್ಪ ಚುಚ್ಚುತ್ತದೆ. ಚುಚ್ಚಲಿ ಬಿಡಿ, ಅದರಿಂದ ಯಾರಿಗೂ ನಷ್ಟವಿಲ್ಲ.

ಸವದತ್ತಿ ಕಡೆಯಿಂದ ಮದುವೆಯಾಗಿ ನಾಗಪುರಕ್ಕೆ ಬಂದಾಗ ಯಲ್ಲಮ್ಮನಿಗೆ ಸೈಕಲ್ ಕೂಡ ಬರುತ್ತಿರಲಿಲ್ಲ. ಹಿಂದಿಯೂ ಇಲ್ಲ, ಮರಾಠಿಯೂ ಇಲ್ಲ. ಕಾಟನ್ ಮಾರ್ಕೆಟ್ಟಿನಲ್ಲಿ ಬದನೆಕಾಯಿ ಬೇಕಾದರೆ ಬೊಟ್ಟು ಮಾಡಿ ತೋರಿಸುತ್ತಿದ್ದಳು. ಅತ್ತೆ ಲಕ್ಷ್ಮವ್ವ ಮತ್ತು ಅವಳು ಸೇರಿ ರೈಲ್ವೆ ಕಾಲೊನಿಯ ನಮ್ಮ ಕಡೆಯ ಮನೆಗಳಿಗೆ ಜೋಳದ ರೊಟ್ಟಿ ಬಡಿದು ಕೊಡಲು ಶುರು ಮಾಡಿದರು. ರೊಟ್ಟಿಯ ಜೊತೆಗೆ ಕಾಯಿಪಲ್ಲೆಯೂ ಹೋಗತೊಡಗಿತು. ಹೊರೆ ಹೆಚ್ಚಾದಾಗ ಒಂದು ಹಳೆಯ ಮೂರುಗಾಲಿ ಟೆಂಪೋ ಬಂತು. ಅದನ್ನು ಓಡಿಸುವವರು ಯಾರು ಎಂದು ಮನೆಯವರೆಲ್ಲ ಒಬ್ಬರ ಮುಖ ಒಬ್ಬರು ನೋಡುತ್ತಿದ್ದಾಗ ಲಕ್ಷ್ಮವ್ವ ಸೊಸೆಯ ಬೆನ್ನಿಗೆ ಕೈಯಿಟ್ಟು, "ನೀನಾ ಕಲಿ. ಯಾರ ಬ್ಯಾಡ ಅಂತಾರೋ ನಾ ನೋಡತೀನಿ" ಎಂದಳು. ಬೇಡ ಎನ್ನಬೇಕೆಂದಿದ್ದ ಉಮಾಪತಿ ಬಾಯಿ ಮುಚ್ಚಿಕೊಂಡ. ಅವತ್ತಿನಿಂದ ಸ್ಟೀರಿಂಗಿಗೂ ಯಲ್ಲಮ್ಮನಿಗೂ ನಂಟು.

ಈ ವರ್ಷ ಟೆಂಪೋ ಹೋಗಿ ಹೊಸ ಪಿಕಪ್ ಬಂತು. ಹಾಲುಬಿಳುಪಿನ ಗಾಡಿ. ಮನೆ ಮುಂದೆ ನಿಂತ ದಿನ ಪೂಜೆಗೆ ಅತ್ತೆಯೇ ಮುಂದಾಳು. ಮಾರನೆಯ ದಿನದಿಂದಲೇ ಯಲ್ಲಮ್ಮ ಆಲೂಗಡ್ಡೆ, ಉಳ್ಳಾಗಡ್ಡಿ ಮೂಟೆ ಹೇರಿಕೊಂಡು ಖಾಪರಖೇಡಾದ ಹಾದಿ ಹಿಡಿದಳು. ಅಲ್ಲಿ ವಿದ್ಯುತ್ ಸ್ಥಾವರದ ನೌಕರರು ಉಣ್ಣುವ ಮೆಸ್ಸಿಗೆ ತರಕಾರಿ ಪೂರೈಸುವವಳು ಅವಳೇ. ಆ ರಸ್ತೆಯ ತುಂಬ ಬೂದಿ ಹೊತ್ತ ದೊಡ್ಡ ದೊಡ್ಡ ಟ್ರಕ್ಕುಗಳು. ಅವುಗಳ ನಡುವೆ ನುಸುಳಿ, ನಿಂತು, ಮತ್ತೆ ಹೊರಟು ಹೋಗಬೇಕು. ಯಲ್ಲಮ್ಮನಿಗೆ ಅದೆಲ್ಲ ನೀರು ಕುಡಿದಷ್ಟು ಸಲೀಸು.

ಹೀಗಿರುವಾಗ ಮೇ ತಿಂಗಳ ಒಂದು ಮಧ್ಯಾಹ್ನ, ಬಿಸಿಲಿಗೆ ಡಾಂಬರು ಕರಗುತ್ತಿತ್ತು, ಮುಂದಿದ್ದ ಬೂದಿ ಟ್ರಕ್ಕು ಗಕ್ಕನೆ ನಿಂತಿತು. ಯಲ್ಲಮ್ಮ ಬ್ರೇಕ್ ಒತ್ತಿದಳು. ಅರ್ಧಕ್ಕೇ ತಡೆದು ನಿಲ್ಲಬೇಕಾದ ಪೆಡಲ್ಲು ಕಣಕದಲ್ಲಿ ಬೆರಳು ಊರಿದ ಹಾಗೆ ಮೆತ್ತಗೆ ಇಳಿದು ನೆಲ ಮುಟ್ಟಿತು. ಕಾಲು ಎತ್ತಿ ಮತ್ತೆ ಮತ್ತೆ ಒತ್ತಿದಳು, ಹ್ಯಾಂಡ್‌ಬ್ರೇಕ್ ಎಳೆದಳು. ಟ್ರಕ್ಕಿಗೆ ಗೇಣು ದೂರದಲ್ಲಿ ಗಾಡಿ ನಿಂತಿತು.

ಗಾಡಿಯನ್ನು ಬದಿಗೆ ಹಾಕಿ ನೀರು ಕುಡಿದು ಕೂತಳು. ಸ್ವಲ್ಪ ಹೊತ್ತು ಬಿಟ್ಟು ಪೆಡಲ್ ಒತ್ತಿ ನೋಡಿದರೆ ಏನೂ ಆಗೇ ಇಲ್ಲ ಎಂಬಂತೆ ಗಟ್ಟಿಯಾಗಿತ್ತು! ಆ ಕಳ್ಳ ಪೆಡಲ್ಲನ್ನು ನಂಬದೆ ಸಣ್ಣ ಗೇರಿನಲ್ಲೇ ನಿಧಾನವಾಗಿ ಮನೆ ಸೇರಿದಳು.

"ಹೊಸಾ ಗಾಡಿ. ಅದರ ಬ್ರೇಕ್ ಹೆಂಗ ಹೋಗತೈತಿ?" ಎಂದ ಉಮಾಪತಿ, ತಟ್ಟೆಯಿಂದ ತಲೆಯೆತ್ತದೆ. "ನಿನ್ನ ಹಳೇ ಟೆಂಪೋದ್ದು ಕಲ್ಲಿನಂಗ ಇತ್ತು. ನಿನ್ನ ಕಾಲಿಗೆ ಅದ ರೂಢಿ. ಕಾಲು ಸುಧಾರಿಸ್ಕೊ."

ಅವಳು ಬೆಳಗ್ಗೆ ನೇರ ಶೋರೂಮಿನ ವರ್ಕ್‌ಶಾಪಿಗೆ ಹೋದಳು. ಅಲ್ಲಿನ ಸೂಪರ್‌ವೈಸರ್ ಸಂಕೇತ್ ಒಳ್ಳೆಯ ಹುಡುಗ, ಅವಳನ್ನು ಕಾಕೂ, ಅಂದರೆ ಚಿಕ್ಕಮ್ಮ, ಎಂದು ಕರೆಯುತ್ತಾನೆ. ಪೆಡಲ್ ಒತ್ತಿ ನೋಡಿದ, ಸರಿಯಾಗಿತ್ತು. ಆದರೂ ಕಾಕೂ ಹೇಳುತ್ತಿದ್ದಾಳಲ್ಲ, ಬ್ರೇಕಿನ ಎಣ್ಣೆ ಹರಿಯುವ ಕೊಳವೆಯಲ್ಲಿ ಗಾಳಿ ಸಿಕ್ಕಿಕೊಂಡಿರಬಹುದು ಎಂದು ನಾಲ್ಕೂ ಚಕ್ರದ ಹತ್ತಿರ ಸ್ವಲ್ಪ ಸ್ವಲ್ಪ ಎಣ್ಣೆ ಬಿಡಿಸಿ, ಮೇಲಿನಿಂದ ತುಂಬಿ, ಕಳಿಸಿಕೊಟ್ಟ.

ಅದಾದ ಮೇಲೆ ರೋಗ ಇನ್ನೂ ಹೆಚ್ಚಾಯಿತು. ಸದರ್ ಫ್ಲೈಓವರ್ ಇಳಿಯುವಾಗ ಪೆಡಲ್ ಮತ್ತೆ ಪಾತಾಳಕ್ಕೆ ಹೋಯಿತು. ಈ ಸಲ ಗಾಡಿ ನಿಲ್ಲುವಷ್ಟರಲ್ಲಿ ಮುಂದಿನ ಆಟೋದ ಹಿಂಬದಿಗೆ ತಾಗಿತು. ಯಾರಿಗೂ ಏನೂ ಆಗಲಿಲ್ಲ, ಆಟೋದ ಕೆಂಪು ದೀಪ ಒಡೆಯಿತು ಅಷ್ಟೆ. ಆದರೆ ಆಟೋದವನು ಬೈದ ಬೈಗುಳ ಉಮಾಪತಿಯ ಕಿವಿಗೂ ಹೇಗೋ ತಲುಪಿತು. ಸಂಜೆ ಅವನು ಫರ್ಮಾನು ಹೊರಡಿಸಿದ.

"ಸೋಮವಾರದಿಂದ ಉದಯ್ ಗಾಡಿ ಹೊಡೀತಾನ. ನಾ ಮಾತಾಡೀನಿ. ನೀ ಬಾಜೂಕ ಕುಂದ್ರು."

ಉದಯ್ ಎಂದರೆ ಹಿಂದಿನ ಓಣಿಯ ಡ್ರೈವರ್. ಯಲ್ಲಮ್ಮನಿಗೆ ಮೈಯೆಲ್ಲ ಉರಿದುಹೋಯಿತು. ಮಗ್ಗುಲ ಸೀಟಿನಲ್ಲಿ ಕೈಕಟ್ಟಿ ಕೂತು ತನ್ನದೇ ಗಾಡಿಯಲ್ಲಿ ನೆಂಟಳ ಹಾಗೆ ಹೋಗುವುದೇ? ಒಮ್ಮೆ ಕೀಲಿ ಕೈಬಿಟ್ಟರೆ ಅದು ತನಗೆ ವಾಪಸು ಸಿಗುವುದಿಲ್ಲ ಎಂದು ಅವಳಿಗೆ ಖಚಿತವಾಗಿ ಗೊತ್ತಿತ್ತು. ಹೊಸ ಹೊಸ ನೆಪಗಳು ಬರುತ್ತವೆ, ಬಿಸಿಲು ಎನ್ನುತ್ತಾರೆ, ವಯಸ್ಸು ಎನ್ನುತ್ತಾರೆ. ಅವಳು ಸೆರಗು ಸಿಕ್ಕಿಸಿ ಗಂಡನ ಮುಂದೆ ನಿಂತಳು.

"ಸೋಮವಾರಕ್ಕಿಂತ ಮೊದಲ ಶನಿವಾರ ಬರತೈತಿ. ನೀವು ನನ್ನ ಜೋಡಿ ವರ್ಕ್‌ಶಾಪಿಗೆ ಬರ್ರಿ. ತಪ್ಪು ನಂದು ಅಂತಾದ್ರ ಚಾವಿ ನಾನಾ ನಿಮ್ಮ ಕೈಯಾಗ ಇಡತೀನಿ. ಗಾಡೀದು ಅಂತಾದ್ರ ನೀವು ಇನ್ನೊಮ್ಮೆ ಉದಯ್‌ನ ಹೆಸರು ಎತ್ತಬಾರದು."

"ಆತು. ನೋಡೇ ಬಿಡೂಣು" ಎಂದ ಉಮಾಪತಿ.

ಶನಿವಾರ ಲಕ್ಷ್ಮವ್ವನೂ ಎಲೆಅಡಿಕೆ ಚೀಲ ಹಿಡಿದು ಹೊರಟು ನಿಂತಳು. ನೀ ಯಾಕೆ ಎಂದು ಮಗ ಕೇಳಿದರೆ, "ಸೊಸಿ ಹೊಂಟಾಳ, ನಾನೂ ಹೊಂಟೀನಿ" ಎಂದಳು. ಅದಕ್ಕಿಂತ ದೊಡ್ಡ ಕಾರಣ ಅವಳಿಗೆ ಯಾವತ್ತೂ ಬೇಕಾಗಿಲ್ಲ.

ವರ್ಕ್‌ಶಾಪಿನಲ್ಲಿ ಸಂಕೇತ್ ಪೆಡಲ್ ಒತ್ತಿ, "ಕಾಕೂ, ಏಕ್‌ದಮ್ ಬರೋಬರ್ ಆಹೆ" ಎಂದ. ಉಮಾಪತಿ ಮೀಸೆಯಲ್ಲೇ ನಕ್ಕ. ಯಲ್ಲಮ್ಮನಿಗೆ ಇದು ಗೊತ್ತೇ ಇತ್ತು.

"ಜ್ವರ ಇಳಿದ ಮೇಲೆ ಥರ್ಮಾಮೀಟರ್ ಇಟ್ಟರೆ ಏನು ಕಾಣುತ್ತದಪ್ಪಾ? ಜ್ವರ ಏರಿಸಿ ನೋಡು" ಎಂದಳು ಹಿಂದಿಯಲ್ಲಿ. ಎಂದಿನ ಭಾರವೇ ಇರಲಿ ಎಂದು ಬೆಳಗ್ಗೆಯೇ ಮೂಟೆಗಳನ್ನು ಹೇರಿಸಿಕೊಂಡು ಬಂದಿದ್ದಳು. ಸಂಕೇತ್‌ನಿಗೆ ಅವಳ ಮಾತು ಹಿಡಿಸಿತು. ಹಿಂದೆ ಒಂದು ಖಾಲಿ ಲೇಔಟ್ ಇದೆ, ಜನರಿಲ್ಲ, ಗಾಡಿಗಳಿಲ್ಲ, ಅಲ್ಲೇ ನಿಧಾನಕ್ಕೆ ನೋಡೋಣ ಎಂದ. ಅತ್ತೆಯನ್ನು ಕೂಲರ್ ಮುಂದೆ ಕೂರಿಸಿ, ಗಂಡನನ್ನೂ ಸಂಕೇತ್‌ನನ್ನೂ ಪಕ್ಕಕ್ಕೆ ಹತ್ತಿಸಿಕೊಂಡು ಯಲ್ಲಮ್ಮ ಹೊರಟಳು.

ಹೊರಡುವುದು, ನಿಲ್ಲಿಸುವುದು. ಮತ್ತೆ ಹೊರಡುವುದು, ಮತ್ತೆ ನಿಲ್ಲಿಸುವುದು. ಉಮಾಪತಿ ರಸ್ತೆ ನೋಡುವುದು ಬಿಟ್ಟು ಹೆಂಡತಿಯ ಪಾದವನ್ನೇ ನೋಡುತ್ತಿದ್ದ. ಆ ಪಾದದಲ್ಲಿ ಅವನಿಗೆ ಒಂದು ಕೊಂಕೂ ಸಿಗಲಿಲ್ಲ. ಬಿಸಿಲಿಗೆ ಮೂವರೂ ಬೆವೆತು ತೊಪ್ಪೆಯಾದರು, ಚಕ್ರದ ಕಡೆಯಿಂದ ಸುಟ್ಟ ವಾಸನೆ ಬರತೊಡಗಿತು. ಆಗ ಯಲ್ಲಮ್ಮ ತಣ್ಣಗೆ, "ಬಂತು ನೋಡ್ರಿ" ಎಂದು ಹ್ಯಾಂಡ್‌ಬ್ರೇಕ್ ಎಳೆದು ಗಾಡಿ ನಿಲ್ಲಿಸಿ ಕೆಳಗಿಳಿದಳು.

"ಈಗ ನೀವು ಕುಂತು ಒತ್ತರಿ."

ಉಮಾಪತಿ ಕೂತು ಒತ್ತಿದ. ಅವನ ಬೂಟುಗಾಲಿನ ಕೆಳಗೂ ಪೆಡಲ್ಲು ಸೀದಾ ನೆಲಕ್ಕಿಳಿಯಿತು. ಇನ್ನೊಮ್ಮೆ ಒತ್ತಿದ. ಮುಖ ಇಂಗು ತಿಂದ ಮಂಗನಂತಾಯಿತು. ಸಂಕೇತ್ ತಾನೂ ಒತ್ತಿ ನೋಡಿ, "ಸಾರಿ ಕಾಕೂ, ನೀವು ಹೇಳಿದ್ದು ನಿಜ" ಎಂದ.

ಗಾಡಿ ತಣ್ಣಗಾದ ಮೇಲೆ ವರ್ಕ್‌ಶಾಪಿಗೆ ತಂದು ಬಾನೆಟ್ ಎತ್ತಿದರು. ಬ್ರೇಕ್ ಎಣ್ಣೆಯ ಪುಟ್ಟ ಬಾಟಲಿಯ ಮುಚ್ಚಳ ತೆಗೆದು ಸಂಕೇತ್ ಪೆನ್ನಿನಂಥ ಒಂದು ಸಾಧನವನ್ನು ಒಳಗೆ ಅದ್ದಿದ. ತುದಿಯಲ್ಲಿ ಕೆಂಪು ದೀಪ ಹತ್ತಿತು. ಅವನ ಹುಬ್ಬು ಗಂಟಿಕ್ಕಿತು.

"ಎಣ್ಣೆಯಲ್ಲಿ ನೀರಿದೆ. ಬ್ರೇಕ್ ಕಾದರೆ ಆ ನೀರು ಆವಿಯಾಗುತ್ತದೆ. ಆವಿಯನ್ನು ಎಷ್ಟು ಒತ್ತಿದರೂ ಅದು ಕುಗ್ಗುತ್ತದೆ, ಬ್ರೇಕ್ ಹಿಡಿಯುವುದಿಲ್ಲ. ಹೋದ ಸಲ ನಾನು ಗಾಳಿ ತೆಗೆಯಲು ಹೋಗಿ ಮೇಲಿದ್ದ ನೀರನ್ನು ಚಕ್ರದವರೆಗೂ ಇಳಿಸಿಬಿಟ್ಟಿದ್ದೇನೆ. ಆದರೆ ಹೊಸ ಗಾಡಿಯ ಬಾಟಲಿಗೆ ನೀರು ಹೇಗೆ ಬಂತು? ಯಾರೋ ಸುರಿದಿರಬೇಕು."

ಸೋತು ಕೂತಿದ್ದ ಉಮಾಪತಿಗೆ ಜೀವ ಬಂತು. "ದಿನಾ ಮುಂಜಾನೆ ಬಾನೆಟ್ ಎತ್ತವ್ರು ಯಾರು? ನೀನಾ ಅಲ್ಲೇನು? ಗ್ಲಾಸ್ ತೊಳಿಯೋ ನೀರು ಇದರಾಗ ಸುರವೀದಿ. ಗಾಡೀದಲ್ಲ, ತಪ್ಪು ನಿಂದ. ಮಾತು ಕೊಟ್ಟೀದಿ, ಚಾವಿ ತಾ."

ಸುರಿದಿಲ್ಲ ಎಂದು ಹೇಳಲು ಯಲ್ಲಮ್ಮ ಬಾಯಿ ತೆರೆದಳು. ತೆರೆದವಳಿಗೆ ಪೂಜೆಯ ದಿನ ನೆನಪಾಯಿತು. ಎತ್ತಿದ ಬಾನೆಟ್ಟಿನ ಮುಂದೆ ಅತ್ತೆ ನಿಂತಿದ್ದಳು, ಕೈಯಲ್ಲಿ ಸವದತ್ತಿ ದೇವಿಯ ಗುಡ್ಡದ ಎಣ್ಣೆಹೊಂಡವೆಂಬ ಕೊಳದಿಂದ ತಂದ ತೀರ್ಥದ ತಂಬಿಗೆ. ಬ್ರೇಕಿನ ಬಗ್ಗೆ ಮಾತು ಬಂದಿತ್ತು. ಯಲ್ಲಮ್ಮನೇ ಈ ಬಾಟಲಿಯ ಮೇಲೆ ಬೆರಳಿಟ್ಟು ತೋರಿಸಿ, ಕಾಯಿ ತರಲು ಒಳಗೆ ಹೋಗಿದ್ದಳು.

ಅವಳು ಕೂಲರ್ ಕಡೆ ತಿರುಗಿ ನೋಡಿದಳು. ಲಕ್ಷ್ಮವ್ವ ಎಲೆಗೆ ಸುಣ್ಣ ಹಚ್ಚುವುದನ್ನು ನಿಲ್ಲಿಸಿ ಇತ್ತಲೇ ನೋಡುತ್ತಿದ್ದಳು. ಒಂದು ಮಾತು ಆಡಿದರೆ ಕೀಲಿ ಉಳಿಯುತ್ತದೆ. ಆದರೆ ಆ ಒಂದು ಮಾತಿಗೆ ಈ ಮುದುಕಿ ಇಷ್ಟು ಜನರ ಮುಂದೆ, ಹೆತ್ತ ಮಗನ ಮುಂದೆ ತಲೆ ತಗ್ಗಿಸಬೇಕು. ಸೊಸೆಯನ್ನು ಕೊಲ್ಲುತ್ತಿದ್ದೆಯಲ್ಲ ಎಂದು ಉಮಾಪತಿ ಅನ್ನದೆ ಬಿಡುವವನಲ್ಲ. ಗಾಡಿ ಕಲಿ ಎಂದು ಬೆನ್ನಿಗೆ ಕೈಯಿಟ್ಟವಳು ಇವಳೊಬ್ಬಳೇ.

"ಇರಬಹುದು ರೀ. ಅವಸರದಾಗ ನಾನಾ ಹಾಕಿರಬೇಕು" ಎಂದು ಸೊಂಟದ ಕೀಲಿಗೊಂಚಲಿಗೆ ಕೈಹಾಕಿದಳು.

"ಸುಳ್ಳ ಯಾಕ ಹೇಳತೀಯವ್ವಾ?"

ಲಕ್ಷ್ಮವ್ವ ಮೊಣಕಾಲು ಹಿಡಿದು ಎದ್ದು ಬಂದು ಮಗನ ಎದುರು ನಿಂತಳು.

"ನೀರ ಹಾಕಿದಾಕಿ ನಾನು. ಈ ಗಾಡ್ಯಾಗ ಜೀವಾ ಉಳಿಸೋದು ಯಾವುದವ್ವಾ ಅಂತ ಇಕೀನ ಕೇಳಿದ್ದೆ. ಬ್ರೇಕ್ ಅಂದ್ಲು, ಈ ಬಾಟ್ಲಿ ತೋರಿಸಿದ್ಲು. ಗಾಲಿಗೆ ಎಲ್ಲಾರೂ ತೀರ್ಥ ಹಾಕತಾರ. ನಾ ಜೀವಾ ಉಳಿಸೋ ಜಾಗಾದಾಗ ಹಾಕಿದೆ. ದಿನಾ ಆ ಟ್ರಕ್ಕಿನ ನಡಕ ಹೋಗತಾಳ, ತಾಯಿ ಅಲ್ಲೇ ಕುಂತು ಕಾಯಲಿ ಅಂತ ಹಾಕಿದೆ. ನನ್ನ ಕೈ ತಪ್ಪೇತಿ ಉಮಾಪತಿ. ಆಕೀ ಕಾಲು ತಪ್ಪಿಲ್ಲ. ಬ್ರೇಕ್ ಇಲ್ಲದ ಗಾಡಿ ಎರಡ ಸಲ ನಿಲ್ಲಿಸ್ಯಾಳ. ನಿನ್ನ ಉದಯ್ ನಿಲ್ಲಸ್ತಿದ್ದನೇನು?"

ಕನ್ನಡ ಬಾರದ ಸಂಕೇತ್ ಒಬ್ಬೊಬ್ಬರ ಮುಖ ನೋಡಿ, ಆಜಿ ಏನೆಂದರು ಎಂದು ಕೇಳಿದ. ಯಲ್ಲಮ್ಮ ಕಣ್ಣೊರೆಸಿಕೊಂಡು ಹೇಳಿದಳು. ಅವನು ನಗಲಿಲ್ಲ. ಲಕ್ಷ್ಮವ್ವನನ್ನು ಬಾನೆಟ್ ಹತ್ತಿರ ಕರೆದೊಯ್ದು, ಗಾಜು ತೊಳೆಯುವ ನೀರಿನ ಟಾಕಿ ತೋರಿಸಿ, "ಆಜಿ, ಇನ್ನು ಮುಂದೆ ಇದರಲ್ಲಿ ಹಾಕಿ. ದಿನಾ ಗಾಜಿನ ತುಂಬ ತೀರ್ಥ ಚಿಮುಕಿಸೋಣ" ಎಂದ. ಮುದುಕಿಗೆ ಅರ್ಥವಾಗಿ ಬೊಚ್ಚುಬಾಯಲ್ಲಿ ನಕ್ಕಳು.

ರೋಗ ಗೊತ್ತಾದ ಮೇಲೆ ಮದ್ದು ದೊಡ್ಡದಲ್ಲ. ಹಳೆಯ ಎಣ್ಣೆಯನ್ನೆಲ್ಲ ಹೊರಹಾಕಿ, ಬಾಟಲಿ ತೊಳೆದು ಒಣಗಿಸಿ, ರಬ್ಬರು ವಾಷರುಗಳನ್ನು ಬದಲಿಸಿ ಹೊಸ ಎಣ್ಣೆ ತುಂಬಬೇಕು. ಒಬ್ಬರು ಚಕ್ರದ ಹತ್ತಿರ ತಿರುಪು ಸಡಿಲಿಸಬೇಕು, ಇನ್ನೊಬ್ಬರು ಸೀಟಿನಲ್ಲಿ ಕೂತು ಹೇಳಿದಾಗ ಒತ್ತಿ, ಹೇಳಿದಾಗ ಬಿಡಬೇಕು. ಸಂಕೇತ್ ಯಾರನ್ನೋ ಕೂಗಲು ಹೊರಟಿದ್ದ. ಅಷ್ಟರಲ್ಲಿ ಯಲ್ಲಮ್ಮ ಚಪ್ಪಲಿ ಬಿಟ್ಟು ಸೀಟಿಗೆ ಹತ್ತಿ ಆಗಿತ್ತು.

"ದಬಾವೋ ಕಾಕೂ." ಒತ್ತಿದಳು. "ಛೋಡೋ." ಬಿಟ್ಟಳು. ಕೊಳವೆಯಿಂದ ಗುಳ್ಳೆಗುಳ್ಳೆಯಾಗಿ ಮಬ್ಬು ಎಣ್ಣೆ ಇಳಿಯಿತು. ಇಳಿದೂ ಇಳಿದೂ ಕೊನೆಗೆ ತಿಳಿ ಹಳದಿ ಬಣ್ಣದ ಹೊಸ ಎಣ್ಣೆ ಬಂತು. ಚಕ್ರದಿಂದ ಚಕ್ರಕ್ಕೆ ಪೆಡಲ್ಲು ಅವಳ ಬರಿಗಾಲಿನ ಕೆಳಗೆ ಗಟ್ಟಿಯಾಗುತ್ತ ಹೋಯಿತು. ಮೂಟೆ ಸಮೇತ ಲೇಔಟಿನಲ್ಲಿ ಮತ್ತೆ ಅಷ್ಟೇ ಕಾಯಿಸಿ ನೋಡಿದರು. ಪೆಡಲ್ಲು ಜಗ್ಗಲಿಲ್ಲ.

ಮನೆಗೆ ಹೊರಟಾಗ ಲಕ್ಷ್ಮವ್ವ ನಡುವೆ ಕೂತಳು, ಉಮಾಪತಿ ಕಿಟಕಿಗೆ. ವರ್ಧಾ ರಸ್ತೆ ಸೇರಿದ ಮೇಲೆ ಉಮಾಪತಿ ಫೋನ್ ತೆಗೆದ.

"ಉದಯ್, ಸೋಮವಾರ ಬರಬ್ಯಾಡಪಾ. ಇಲ್ಲ, ಗಾಡಿ ಮಾರಿಲ್ಲ, ಚಲೋ ಐತಿ. ಬ್ಯಾರೆ ಡ್ರೈವರ್ ಸಿಕ್ಕಾರೇನು ಅಂದ್ರ..." ಅವನು ಹೆಂಡತಿಯ ಕಡೆ ನೋಡದೆಯೇ ಹೇಳಿದ, "ಮೊದಲ ಇದ್ಲು. ನಾನಾ ನೋಡಿದ್ದಿಲ್ಲ."

ಯಲ್ಲಮ್ಮನ ಕಣ್ಣು ತುಂಬಿ ರಸ್ತೆ ಮಂಜಾಯಿತು. ಮುಂದೆ ಸಿಗ್ನಲ್ ಕೆಂಪಾಗಿತ್ತು. ಅವಳು ಒಂದು ಕೈಯಿಂದ ಕಣ್ಣೊರೆಸಿಕೊಂಡು ಬ್ರೇಕ್ ಒತ್ತಿದಳು, ಬಿಳಿ ಗೆರೆಯ ಹಿಂದೆ ಗಾಡಿ ನಿಂತಿತು.