ಶಾರದಮ್ಮ ಸಿಸ್ಟರ್ ಮುಟ್ಟದ ಬೀಗದಕೈ

ನಮ್ಮ ಬೀದಿಯ ನೀರಿನ ತೊಟ್ಟಿ ತೊಳೆಯುವ ದಿನ ಬ್ಲೀಚಿಂಗ್ ಪುಡಿಯ ವಾಸನೆ ನೇರವಾಗಿ ನನ್ನ ಅಡುಗೆಮನೆಗೆ ಬರುತ್ತದೆ. ನಿಮಗಾದರೆ ಮೂಗು ಮುಚ್ಚಿಕೊಳ್ಳೋಣ ಅನ್ನಿಸೀತು. ನನಗೆ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಳ್ಳೋಣ ಅನ್ನಿಸುತ್ತದೆ. ಇವತ್ತೂ ಹಾಗೇ ಆಯಿತು. ಕಿಟಕಿಯಿಂದ ಇಣುಕಿದೆ. ಎದುರುಮನೆಯ ರೇಷ್ಮಾ ನಾಲ್ಕಾರು ಹೆಂಗಸರನ್ನು ಕಟ್ಟಿಕೊಂಡು ತೊಟ್ಟಿಯ ಪಕ್ಕ ನಿಂತಿದ್ದಾಳೆ. ಈ ಸಲ ಬೀದಿಯವರು ಕೆಲಸದ ಉಸ್ತುವಾರಿಯನ್ನು ಅವಳಿಗೆ ವಹಿಸಿದ್ದಾರೆ. ಪಾಚಿ ಉಜ್ಜುವುದು ಬಿಟ್ಟು ಮೊದಲೇ ಪುಡಿ ಕಲಸುತ್ತಿದ್ದಾಳೆ! ಇಲ್ಲಿಂದಲೇ ಗದರಿಸೋಣವೆಂದು ಬಾಯಿ ತೆರೆದೆ. ಬಾಯಿ ತೆರೆಯುವುದರಲ್ಲಿ ನಾನು ಯಾವತ್ತೂ ಹಿಂದೆ ಬಿದ್ದವಳಲ್ಲ. ಆದರೆ ಅದೇ ವಾಸನೆಯ ಜೊತೆಗೆ ಶಾರದಮ್ಮ ಸಿಸ್ಟರ್ ನೆನಪಾದರು.

ಅವರು ಜಗಳೂರು ಕಡೆಯವರು, ನಾನು ನ್ಯಾಮತಿ ಹತ್ತಿರದ ಗೋವಿನಕೋವಿಯವಳು. ಎಂಬತ್ತರ ದಶಕದ ಮೊದಲಲ್ಲಿ ಚನ್ನಗಿರಿ ತಾಲೂಕಿನ ಒಂದು ಸಣ್ಣ ಆಸ್ಪತ್ರೆಯಲ್ಲಿ ಅವರು ವಾರ್ಡಿನ ಇನ್‌ಚಾರ್ಜ್ ಸಿಸ್ಟರ್, ನಾನು ಹೊಸ ಸ್ಟಾಫ್ ನರ್ಸ್. ಔಷಧಿಯ ಬೀರು, ಸಲೈನ್ ಬಾಟಲಿಯ ಕಪಾಟು, ಹಾಸಿಗೆ ಬಟ್ಟೆಯ ಕೋಣೆ, ಎಲ್ಲದರ ಬೀಗದಕೈ ಗೊಂಚಲು ಅವರ ಸೊಂಟದಲ್ಲಿ. ಗೊಂಚಲು ಯಾರ ಬಳಿ ಇದೆಯೋ ವಾರ್ಡು ಅವರದು ಎಂಬುದು ಅಲ್ಲಿಯ ರೂಢಿ. ತಮ್ಮನ ಮದುವೆಗೆ ಊರಿಗೆ ಹೊರಟಾಗ ಅದನ್ನು ನನ್ನ ಕೈಗಿಟ್ಟು, "ಹೆದರಬ್ಯಾಡ ಕಣವ್ವ, ವಾರ್ಡು ಎಲ್ಲಿಗೂ ಓಡಿ ಹೋಗಲ್ಲ" ಎಂದು ನಕ್ಕರು.

ನಾನೇನೂ ಹೆದರಲಿಲ್ಲ. ಬದಲಿಗೆ ಕೊಬ್ಬಿದೆ. ಬೇಕಿರಲಿ ಬೇಡದಿರಲಿ, ಗೊಂಚಲು ಝಣಝಣ ಅನ್ನಿಸುತ್ತಾ ಉದ್ದಕ್ಕೂ ಅಡ್ಡಕ್ಕೂ ಓಡಾಡಿದೆ. ನಮ್ಮ ಆಯಾ ಹಸೀನಾಬಿ ಇಂಥದ್ದನ್ನು ಸುಮ್ಮನೆ ಬಿಡುವ ಹೆಂಗಸಲ್ಲ. "ಏನ್ರೀ ಸಿಸ್ಟರ್, ಆ ಸದ್ದಿಗೇ ಕಾಯಿಲೆ ಓಡಿ ಹೋಗ್ತೈತೆ ಅನ್ಕಂಡೀರಾ?" ಎಂದಳು. ಮುಖ ಸಿಂಡರಿಸಿಕೊಂಡು ಹೋದೆ.

ಅಷ್ಟರಲ್ಲೇ ಸೂಳೆಕೆರೆ ಸುತ್ತಿನ ಹಳ್ಳಿಗಳಲ್ಲಿ ವಾಂತಿಭೇದಿ ಎದ್ದಿತು. ಎತ್ತಿನ ಗಾಡಿಯಲ್ಲಿ, ಬಸ್ಸಿನಲ್ಲಿ, ಹೆಗಲ ಮೇಲೆ ಹೊತ್ತು ಜನ ಬಂದರು. ಮಂಚಗಳು ತುಂಬಿ, ಜಗಲಿಯಲ್ಲಿ ಚಾಪೆ ಹಾಸಿದೆವು. ಎಲ್ಲೆಲ್ಲೂ ಬ್ಲೀಚಿಂಗ್ ಪುಡಿಯ ವಾಸನೆ. ಡಾಕ್ಟರು ಏನೇನು ಕೊಡಬೇಕೆಂದು ಹೇಳಿ, ಬರಲಾರದವರನ್ನು ನೋಡಲು ಜೀಪಿನಲ್ಲಿ ಹಳ್ಳಿಗೆ ಹೊರಟರು. "ನಾನು ಬರೋತನಕ ಈ ಸಿಸ್ಟರ್ ಹೇಳ್ದಂಗೆ ನಡೀರಿ" ಎಂದು ಎಲ್ಲರಿಗೂ ಕೇಳುವಂತೆ ಹೇಳಿ ಹೋದರು.

ಹೇಳುವುದೆಲ್ಲಿ ಬಂತು! ಯಾರಿಗೂ ಏನೂ ಹೇಳದೆ ಎಲ್ಲವನ್ನೂ ನಾನೇ ಮಾಡಲು ಹೊರಟೆ. ಸಲೈನ್ ನಾನೇ ಏರಿಸಬೇಕು, ಬೆಡ್‌ಪ್ಯಾನ್ ನಾನೇ ಇಡಬೇಕು, ಬಾಗಿಲಲ್ಲಿ ಕೂಗಿದವರ ಬಳಿಗೂ ನಾನೇ ಓಡಬೇಕು. ಹಸೀನಾಬಿ "ನಾನೇನ್ ಮಾಡ್ಲಿ?" ಎಂದು ಕೇಳಿ ಕೇಳಿ ಸೋತಳು. ಆಗ ಮಂಜಮ್ಮನನ್ನು ತಂದರು. ಹಾಲೂಡಿಸುವ ತಾಯಿ. ಕಣ್ಣು ಗುಳಿ ಬಿದ್ದು, ಮಾತು ನಿಂತಿತ್ತು. ಕೂಸನ್ನು ಎತ್ತಿಕೊಂಡಿದ್ದ ಅತ್ತೆ, "ಏನಾರ ಮಾಡವ್ವ, ಇದು ಇನ್ನೂ ಎದೆಹಾಲು ಬಿಟ್ಟಿಲ್ಲ" ಎಂದು ನನ್ನ ಸೆರಗು ಹಿಡಿದಳು. ನಾನು ಮಂಜಮ್ಮನ ಕೈಯಲ್ಲಿ ನರ ಹುಡುಕುತ್ತಿದ್ದೆ. ಚುಚ್ಚಿದೆ, ಸಿಗಲಿಲ್ಲ. ಇನ್ನೊಂದು ಕೈ ನೋಡಿದೆ, ಅಲ್ಲೂ ಸಿಗಲಿಲ್ಲ. ಇವಳು ನನ್ನ ಕಣ್ಣೆದುರೇ ಹೋಗುತ್ತಾಳೆ ಅನ್ನಿಸಿತು.

ಆಗ ಬಾಗಿಲಲ್ಲಿ ಶಾರದಮ್ಮ. ಕೈಯಲ್ಲಿ ಮದುವೆಯ ಹಸಿರು ಬಳೆ, ಪಕ್ಕದಲ್ಲಿ ಟ್ರಂಕು. ಬಸ್ಸಿನಲ್ಲಿ ಸುದ್ದಿ ಕೇಳಿ ಮನೆಗೂ ಹೋಗದೆ ಬಂದಿದ್ದರು. ನಾನು ಓಡಿಹೋಗಿ ಗೊಂಚಲು ಅವರ ಮುಂದೆ ಹಿಡಿದೆ. ಅವರು ಕೈ ಚಾಚಲಿಲ್ಲ.

"ಡಾಕ್ಟ್ರು ವಾರ್ಡು ಯಾರಿಗೆ ಒಪ್ಸಿ ಹೋದ್ರು?"

"ನನಗೆ."

"ಮತ್ತೆ ನನಗ್ಯಾಕೆ? ಹೇಳ್ರಿ ಸಿಸ್ಟರ್, ನಾನೇನು ಮಾಡ್ಲಿ?"

ನನ್ನನ್ನು ಯಾವತ್ತೂ ಬಹುವಚನದಲ್ಲಿ ಕರೆದವರಲ್ಲ. ನನಗೆ ಮೈಯೆಲ್ಲ ಉರಿಯಿತು. ಒಬ್ಬಳ ಜೀವ ಹೋಗುತ್ತಿರುವಾಗ ಇದೆಂಥ ನಾಟಕ! ಅವರು ಬಳೆ ಕಳಚಿ, ಕೈ ತೊಳೆದು ನನ್ನ ಪಕ್ಕ ಬಂದು, ಕಿವಿಯಲ್ಲಿ ಮಾತ್ರ ಹೇಳಿದರು: "ನೀವು ಸೂಜಿ ಹಿಡ್ಕಂಡು ನಿಂತ್ರೆ ಜಗಲಿ ಯಾರು ನೋಡ್ತಾರೆ?"

ಆಗ ನನಗೆ ವಾರ್ಡು ಕಾಣಿಸಿತು ನೋಡಿ. ಅದುವರೆಗೆ ಬರೀ ಒಂದು ಕೈ ಕಾಣುತ್ತಿತ್ತು. "ಸಿಸ್ಟರ್... ಆದ್ರೆ... ನೀವು ಸ್ವಲ್ಪ..." ಎಂದು ಶುರುಮಾಡಿದೆ.

"ರಾಗ ಎಳೀಬ್ಯಾಡ್ರಿ."

"ಇವಳಿಗೆ ಸಲೈನ್ ನೀವು ಹಾಕ್ರಿ. ಹಸೀನಾಬಿ, ಎದ್ದು ಕೂರೋರಿಗೆಲ್ಲ ಉಪ್ಪು ಸಕ್ಕರೆ ನೀರು ಕುಡ್ಸು. ಅಮ್ಮಾ, ಕೂಸು ಎತ್ಕಂಡು ಆ ಬೆಂಚಿನ ಮ್ಯಾಲೆ ಕೂತ್ಕಳ್ರಿ. ಜಗಲಿ ನಾನು ನೋಡ್ತೀನಿ."

ನನ್ನ ದನಿಯೇ ನನಗೆ ಹೊಸದಾಗಿ ಕೇಳಿಸಿತು. ಹಸೀನಾಬಿ ಒಂದು ಕುಹಕದ ಮಾತೂ ಆಡದೆ ಚೊಂಬು ಹಿಡಿದು ಹೊರಟಳು. ಶಾರದಮ್ಮ ಮಂಜಮ್ಮನ ಕಾಲಿನ ಹತ್ತಿರ ಕೂತು, ಪಾದದ ಗಿಣ್ಣಿನ ಬಳಿ ಬೆರಳಾಡಿಸಿ ನರ ಹಿಡಿದರು. ನಾನು ಜಗಲಿಯಿಂದ ಇಣುಕಿದಾಗ ಸಲೈನ್ ಹನಿಯುತ್ತಿತ್ತು. ಆಮೇಲೂ ಅವರು ಬಿಡಲಿಲ್ಲ, ಮಂಚದಿಂದ ಮಂಚಕ್ಕೆ ಹೋಗುವ ಮುನ್ನ "ಮುಂದೇನ್ರಿ ಸಿಸ್ಟರ್?" ಎಂದು ಎಲ್ಲರೆದುರು ಕೇಳಿದರು. ನಾನು ಹೇಳಿದ ಬೆಡ್‌ಪ್ಯಾನನ್ನೂ ತೊಳೆದಿಟ್ಟರು.

ಸಂಜೆ ಮಂಜಮ್ಮ ಕಣ್ಣು ಬಿಟ್ಟು, "ಕೂಸು ಎಲ್ಲೈತೆ?" ಎಂದಳು. ಅತ್ತೆ ಬೆಂಚಿನಿಂದ ಎದ್ದು ಬರುವಾಗ ಬಿಕ್ಕಿ ಬಿಕ್ಕಿ ಅತ್ತಳು. ನಾನೂ ಅತ್ತುಬಿಟ್ಟೆ, ನಾಚಿಕೆಯೇನಿಲ್ಲ.

ವಾರ್ಡು ಖಾಲಿಯಾದ ಮೇಲೆ ಶಾರದಮ್ಮ ಟೀ ಕುಡಿಯುತ್ತಾ ಕೈ ಚಾಚಿದರು. "ಈಗ ಕೊಡು." ಮತ್ತೆ ಏಕವಚನ! ಅವತ್ತೇ ಯಾಕೆ ತಗೊಳ್ಳಲಿಲ್ಲ ಎಂದು ಕೇಳಿದೆ. "ನಡುವೆ ಕೈ ಬದಲಾದ್ರೆ ಯಾರ ಮಾತು ಕೇಳ್ಬೇಕು ಅಂತ ಹಸೀನಾಬಿಗೂ ತಿಳಿಯಲ್ಲ. ಇನ್ನೊಂದು, ಅವತ್ತು ನಾನು ಇಸ್ಕಂಡಿದ್ರೆ ನೀನು ಜನ್ಮದಾಗೆ ಈ ಗೊಂಚಲು ಮುಟ್ತಿರ್ಲಿಲ್ಲ." ಅಷ್ಟು ಹೇಳಿ ಬಿಸ್ಕತ್ತು ಅದ್ದಿಕೊಂಡರು. ಮುಂದೆ ಎಷ್ಟೋ ವರ್ಷ ನಾನೂ ಹೊನ್ನಾಳಿ ಕಡೆ ಇನ್‌ಚಾರ್ಜ್ ಆಗಿ ಬೇಕಾದಷ್ಟು ಜನರಿಗೆ ಕೆಲಸ ಹೇಳಿದೆ. ಇನ್ನೊಬ್ಬರ ಕೈಕೆಳಗೆ ಅವರಂತೆ ನಿಲ್ಲುವುದು ಮಾತ್ರ ಇವತ್ತಿಗೂ ನನಗೆ ಕಷ್ಟ.

ಕಿಟಕಿ ಮುಚ್ಚಿ, ಸೆರಗು ಸಿಕ್ಕಿಸಿಕೊಂಡು ಹೊರಟೆ. ರೇಷ್ಮಾಳ ಹತ್ತಿರ ಹೋಗಿ ಕಿವಿಯಲ್ಲಿ ಮಾತ್ರ ಹೇಳಿದೆ: "ಮೊದ್ಲು ಪಾಚಿ ಉಜ್ಜಿಸ್ರಿ, ಪುಡಿ ಆಮೇಲೆ." ಅವಳು ತಲೆಯಾಡಿಸಿ, "ನೀವ್ಯಾಕೆ ಬಂದ್ರಿ ಆಂಟಿ, ಅಲ್ಲಿ ಕುರ್ಚಿ ಐತೆ, ಕೂತ್ಕಳ್ರಿ" ಎಂದಳು.

"ಕೂರಾಕೆ ಬಂದಿಲ್ಲಮ್ಮ" ಎಂದೆ, ಎಲ್ಲರಿಗೂ ಕೇಳುವ ಹಾಗೆ. "ಹೇಳ್ರಿ, ನಾನೇನು ಮಾಡ್ಲಿ?"

ಅವಳು ಬೆನ್ನು ನೆಟ್ಟಗೆ ಮಾಡಿ, ನನ್ನ ಕೈಗೆ ಪೊರಕೆ ಕೊಟ್ಟಳು.